ಬಂಗಲೆ ಆಮೇಲೆ, ಮೊದಲು ಕಡಲು ನೋಡಿ

ಪ್ರಶ್ನೆ: ನಾನು, ನನ್ನ ಗಂಡ, 8 ವರ್ಷದ ಮಗಳು, 64 ವರ್ಷದ ಅತ್ತೆ, ಒಟ್ಟು ನಾಲ್ಕು ಜನ. ಉಷ್ಣವಲಯದ ಯಾವುದಾದರೂ ಕಡಲ ದಡದಲ್ಲಿ, ಸಣ್ಣ ಸಣ್ಣ ಬಂಗಲೆಗಳಿರುವ ರೆಸಾರ್ಟಿನಲ್ಲಿ ಆರು ದಿನ ಆರಾಮಾಗಿ ಇದ್ದು ಬರಬೇಕು ಅಂತಿದ್ದೇವೆ. ಹತ್ತಿರದಲ್ಲೇ ಹವಳದ ದಿಬ್ಬ, ಜಲಪಾತ, ಗುಹೆ ಇದ್ದರೆ ಒಳ್ಳೆಯದು. ಫೋಟೋ ನೋಡಿ ನೋಡಿ ತಲೆ ಕೆಟ್ಟಿದೆ, ಎಲ್ಲವೂ ಒಂದೇ ಥರ ಕಾಣುತ್ತವೆ. ಹೇಗೆ ಆರಿಸುವುದು? ಎಸಿ ಇಲ್ಲದ ಬಂಗಲೆ ಆಗುತ್ತಾ? ನಮ್ಮಲ್ಲಿ ಯಾರಿಗೂ ಸರಿಯಾಗಿ ಈಜು ಬರಲ್ಲ. ಕಡಲಿಗೆ ಇಳಿಯಬಹುದಾ? ಮಗಳಿಗೆ ಆಮೆ ನೋಡುವ ಆಸೆ ಬೇರೆ.

ಉತ್ತರ: ಆ ಫೋಟೋಗಳನ್ನು ಸ್ವಲ್ಪ ದಿನ ಮುಚ್ಚಿಡಿ. ಎಲ್ಲವೂ ಒಂದೇ ಥರ ಕಾಣುವುದು ನಿಮ್ಮ ತಪ್ಪಲ್ಲ. ಅವನ್ನು ತೆಗೆಯುವುದೇ ಮೋಡವಿಲ್ಲದ ದಿನ, ನೀರು ಪೂರ್ತಿ ಏರಿದ ಹೊತ್ತಿನಲ್ಲಿ. ನೀವು ಹೋಗುವ ತಿಂಗಳಲ್ಲಿ, ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಅದೇ ಕಡಲು ಹೇಗಿರುತ್ತದೆ ಅನ್ನುವುದು ಫೋಟೋದಲ್ಲಿ ಸಿಗುವುದಿಲ್ಲ.

ಹದಿನಾರು ವರ್ಷದಿಂದ ಜನರಿಗೆ ಇಂಥ ಪ್ರವಾಸ ಹೊಂದಿಸಿಕೊಡುತ್ತಿದ್ದೇನೆ. ಬೇಜಾರಾಗಿ ವಾಪಸ್ ಬಂದವರನ್ನು ಕೂರಿಸಿ ಕೇಳಿದ್ದೇನೆ. ರೂಮು ಸರಿ ಇರಲಿಲ್ಲ ಅಂದವರು ಕಡಿಮೆ. ಕಡಲೇ ಸರಿ ಇರಲಿಲ್ಲ ಅಂದವರು ಜಾಸ್ತಿ. ಕಡಲು ಸರಿಯಾಗಿಯೇ ಇತ್ತು, ಅವರು ಹೋದ ತಿಂಗಳು ತಪ್ಪಾಗಿತ್ತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಮೊದಲು ತಿಂಗಳು ನೋಡಿ, ಆಮೇಲೆ ದಡ, ಕೊನೆಗೆ ಬಂಗಲೆ.

ಉಷ್ಣವಲಯದಲ್ಲಿ ಬೇಸಿಗೆ, ಚಳಿಗಾಲ ಅಂತ ಲೆಕ್ಕ ಹಾಕಿದರೆ ಉಪಯೋಗವಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಗಾಳಿ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿದ ದಡದಲ್ಲಿ ಅಲೆ ಏಳುತ್ತದೆ, ಮಳೆ ಹೊಡೆಯುತ್ತದೆ, ನೀರು ಕದಡಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದೇ ಹೊತ್ತಿನಲ್ಲಿ ಗಾಳಿಗೆ ಬೆನ್ನು ಹಾಕಿದ ಇನ್ನೊಂದು ದಡ ತಣ್ಣಗೆ ಮಲಗಿರುತ್ತದೆ. ಶ್ರೀಲಂಕಾ ಇದಕ್ಕೆ ಚೆನ್ನಾದ ಉದಾಹರಣೆ. ದ್ವೀಪ ಚಿಕ್ಕದು, ಆದರೂ ನೈಋತ್ಯದ ದಡ ಚೆನ್ನಾಗಿರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಪೂರ್ವದ ಟ್ರಿಂಕೋಮಲಿ ಕಡೆ ಚೆನ್ನಾಗಿರುವುದು ಮೇಯಿಂದ ಸೆಪ್ಟೆಂಬರ್‌ವರೆಗೆ. ಥಾಯ್ಲೆಂಡಿನಲ್ಲೂ ಹಾಗೆಯೇ. ನವೆಂಬರ್ ಕಳೆಯುತ್ತಿದ್ದಂತೆ ಪಶ್ಚಿಮದ ಅಂಡಮಾನ್ ಸಮುದ್ರ ಶಾಂತವಾಗುತ್ತದೆ. ಆದರೆ ಆಚೆ ಬದಿಯ ಕೊಲ್ಲಿಯಲ್ಲಿರುವ ಕೋ ಸಮುಯಿಗೆ ವರ್ಷದ ಅತಿ ಹೆಚ್ಚು ಮಳೆ ಬೀಳುವುದೇ ನವೆಂಬರ್‌ನಲ್ಲಿ. "ಥಾಯ್ಲೆಂಡಿಗೆ ನವೆಂಬರ್ ಒಳ್ಳೆಯದಂತೆ" ಅಂತ ಯಾರೋ ಹೇಳಿದ್ದನ್ನು ನಂಬಿ ತಪ್ಪು ಬದಿಗೆ ಹೋದವರು ಒಬ್ಬಿಬ್ಬರಲ್ಲ.

ಕೆಲವು ಕಡೆ ಜಾಗವನ್ನೇ ಮುಚ್ಚುತ್ತಾರೆ. ಥಾಯ್ಲೆಂಡಿನ ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಮಲೇಷ್ಯಾದ ಪೆರ್ಹೆಂಟಿಯನ್ ದ್ವೀಪಗಳಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಹೆಚ್ಚಿನ ರೆಸಾರ್ಟ್‌ಗಳು ಬಾಗಿಲು ಹಾಕುತ್ತವೆ. ಕೆರಿಬಿಯನ್ ಕಡೆ ಹೋಗುವುದಾದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಅಲ್ಲಿ ಇನ್ನೊಂದು ತಾಪತ್ರಯವೂ ಇದೆ. 2011ರಿಂದ ಸರ್ಗಾಸಮ್ ಅನ್ನುವ ಕಂದು ಬಣ್ಣದ ಕಡಲಕಳೆ ರಾಶಿ ರಾಶಿಯಾಗಿ ದಡಕ್ಕೆ ಬಂದು ಬೀಳುತ್ತಿದೆ. ಕೊಳೆಯುವಾಗ ಕೊಳೆತ ಮೊಟ್ಟೆಯ ವಾಸನೆ. ಅದಕ್ಕಾಗಿ ಅಲ್ಲಿಗೆ ಹೋಗಲೇಬಾರದು ಅಂತಲ್ಲ. ಹೊರಡುವ ವಾರ ಅಲ್ಲಿನ ದಡದ ಈಚಿನ ಫೋಟೋ ಕೇಳಿ ತರಿಸಿಕೊಳ್ಳಿ.

ನಿಮ್ಮ ಪಟ್ಟಿಯಲ್ಲಿ ಹವಳವೂ ಇದೆ, ಜಲಪಾತವೂ ಇದೆ ಅಲ್ವಾ? ಇಲ್ಲೇ ತೊಡಕು. ಹವಳ ನೋಡಲು ತಿಳಿ ನೀರು ಬೇಕು. ಅಂದರೆ ಮಳೆ ಇರಬಾರದು, ಹೊಳೆಗಳು ಮಣ್ಣು ತಂದು ಕಡಲಿಗೆ ಸುರಿಯಬಾರದು. ಜಲಪಾತಕ್ಕೆ ಮಳೆಯೇ ಬೇಕು. ಒಣ ಕಾಲದ ಕೊನೆಗೆ ಹೋದರೆ ಕಡಲು ಗಾಜಿನಂತಿರುತ್ತದೆ, ಆದರೆ ಸಣ್ಣ ದ್ವೀಪಗಳ ಜಲಪಾತಗಳು ಬಂಡೆಯ ಮೇಲೆ ಜಾರುವ ಎರಡು ಎಳೆ ನೀರಷ್ಟೇ ಆಗಿರುತ್ತವೆ. ಎರಡೂ ಸಿಗುವುದು ಮಳೆ ನಿಂತ ಮೊದಲ ಒಂದು, ಒಂದೂವರೆ ತಿಂಗಳಲ್ಲಿ. ಕಾಡು ಇನ್ನೂ ಒದ್ದೆ ಇರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಕಡಲು ತಿಳಿಯಾಗತೊಡಗಿರುತ್ತದೆ. ಅಂಡಮಾನ್ ಸಮುದ್ರದ ಥಾಯ್ ದಡಕ್ಕಾದರೆ ಅದು ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ. ನಡುವೆ ಒಂದೆರಡು ಸಂಜೆ ಮಳೆ ಬಂದೀತು. ಬರಲಿ ಬಿಡಿ.

ತಿಂಗಳು ಗೊತ್ತಾಯಿತು. ಈಗ ದಡ.

ತುಂಬ ವರ್ಷದ ಹಿಂದೆ, ಈ ಕೆಲಸಕ್ಕೆ ಹೊಸಬನಾಗಿದ್ದಾಗ, ಫೋಟೋ ನೋಡಿಯೇ ಒಂದು ರೆಸಾರ್ಟಿಗೆ ಹೋಗಿದ್ದೆ. ಫೋಟೋದಲ್ಲಿ ಜಗಲಿಯ ಮೆಟ್ಟಿಲಿನವರೆಗೆ ನೀಲಿ ನೀರು. ಮರುದಿನ ಬೆಳಿಗ್ಗೆ ಎಂಟಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರೆ ಕಡಲೇ ಇಲ್ಲ. ಅರ್ಧ ಕಿಲೋಮೀಟರ್ ಬೂದು ಬಣ್ಣದ ಕೆಸರು. ಅದರ ಮೇಲೆ ಸಣ್ಣ ಏಡಿಗಳು ಓಡಾಡುತ್ತಿದ್ದವು, ದೋಣಿಗಳು ಒಂದು ಬದಿಗೆ ವಾಲಿ ಮಲಗಿದ್ದವು. ಈಜಲು ನೀರು ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲು ನೆತ್ತಿ ಸುಡುವ ಹೊತ್ತಿಗೆ. ಅವರು ಸುಳ್ಳು ಹೇಳಿರಲಿಲ್ಲ. ನಾನು ಉಬ್ಬರ-ಇಳಿತ ಕೇಳಿರಲಿಲ್ಲ.

ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ನೀರು ತುಂಬಿದ್ದರೆ ಮೂರು ದಿನ ಬಿಟ್ಟು ಒಂಬತ್ತೂವರೆಗೆ ತುಂಬುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಜೋರು, ಅಷ್ಟಮಿಯ ಆಸುಪಾಸು ಕಡಿಮೆ. ಎಷ್ಟು ಏರುತ್ತದೆ ಅನ್ನುವುದು ಜಾಗದ ಮೇಲೆ ಹೋಗುತ್ತದೆ. ಜಾಂಜಿಬಾರಿನ ಪೂರ್ವದ ದಡದಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಸುಮಾರು 4 ಮೀಟರ್ ವ್ಯತ್ಯಾಸ. ಇಳಿದಾಗ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ಕೆರಿಬಿಯನ್‌ನ ಹೆಚ್ಚಿನ ದಡಗಳಲ್ಲಿ ಅರ್ಧ ಮೀಟರೂ ಇರುವುದಿಲ್ಲ, ನಿಮಗೆ ಗೊತ್ತೇ ಆಗುವುದಿಲ್ಲ.

ರೆಸಾರ್ಟಿನವರಿಗೆ ಬರೆಯುವಾಗ "ಬೀಚ್ ಚೆನ್ನಾಗಿದೆಯಾ" ಅಂತ ಕೇಳಬೇಡಿ. ಇಲ್ಲ ಅಂತ ಯಾರು ಹೇಳುತ್ತಾರೆ? "ನೀರು ಪೂರ್ತಿ ಇಳಿದಾಗ ನಿಮ್ಮ ಎದುರಿನ ದಡದಲ್ಲಿ ಈಜಬಹುದಾ, ಕಾಲಡಿಗೆ ಮರಳಾ, ಕಲ್ಲಾ, ಕೆಸರಾ" ಅಂತ ಕೇಳಿ. ನೀವು ಇರುವ ದಿನಗಳ ಉಬ್ಬರ-ಇಳಿತದ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ದಿನದ ಕಾರ್ಯಕ್ರಮ ಅದನ್ನು ನೋಡಿಯೇ ಮಾಡಿ.

ಇಳಿತವನ್ನು ನಷ್ಟ ಅಂತ ತಿಳಿಯಬೇಡಿ. ನಿಮ್ಮ ಮಗಳಿಗೆ ಅದೇ ಹಬ್ಬ. ಕಲ್ಲುಗಳ ನಡುವೆ ನಿಂತ ಸಣ್ಣ ಹೊಂಡದ ಪಕ್ಕ ಅವಳನ್ನು ಐದು ನಿಮಿಷ ಅಲ್ಲಾಡದೆ ಕೂರಿಸಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ನಡೆಯತೊಡಗುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಅದಕ್ಕೆ ಸ್ವಂತ ಚಿಪ್ಪಿಲ್ಲ. ಬೇರೆ ಜೀವಿ ಬಿಟ್ಟುಹೋದ ಶಂಖದಲ್ಲಿ ಮೆತ್ತನೆಯ ಹೊಟ್ಟೆಯನ್ನು ಸುರುಳಿ ಸುತ್ತಿ ಇಟ್ಟುಕೊಳ್ಳುತ್ತದೆ, ಬೆಳೆದಂತೆ ದೊಡ್ಡ ಶಂಖ ಹುಡುಕಿ ಮನೆ ಬದಲಿಸುತ್ತದೆ. ಆದ್ದರಿಂದ ದಡದಿಂದ ಶಂಖ ಆರಿಸಿ ಮನೆಗೆ ತರಬೇಡಿ. ಇನ್ನೊಂದು ಕಾರಣವೂ ಇದೆ. ಹವಳದ ದಿಬ್ಬದ ಹತ್ತಿರ ಸಿಗುವ ಚಂದದ ಕೋನಿನಾಕಾರದ ಶಂಖದೊಳಗೆ ಜೀವ ಇದ್ದರೆ ಅದು ವಿಷದ ಮುಳ್ಳು ಚುಚ್ಚುತ್ತದೆ. ಕೆಲವು ಜಾತಿಯ ವಿಷ ಮನುಷ್ಯರನ್ನು ಕೊಲ್ಲುವಷ್ಟು ಜೋರು. ನೋಡುವುದು ಕಣ್ಣಿನಲ್ಲಿ, ಕೈಯಲ್ಲಲ್ಲ ಅಂತ ಮೊದಲ ದಿನವೇ ಅವಳಿಗೆ ಹೇಳಿಬಿಡಿ.

ಈಜು ಬರದ ನಿಮಗೆ ಎಂಥ ದಡ ಬೇಕು? ಎರಡು ಕಡೆ ಗುಡ್ಡ ಚಾಚಿಕೊಂಡಿರುವ ಕೊಲ್ಲಿ, ಇಲ್ಲವೇ ದೂರದಲ್ಲಿ ಹವಳದ ದಿಬ್ಬ ಅಡ್ಡ ಇರುವ ದಡ. ಅಲೆ ಆ ದಿಬ್ಬಕ್ಕೆ ಬಡಿದು ಅಲ್ಲೇ ಮುರಿಯುತ್ತದೆ, ಈಚೆಗೆ ಬರುವಾಗ ಕೆರೆಯ ನೀರಿನಂತಾಗಿರುತ್ತದೆ. ಉಪಗ್ರಹ ನಕ್ಷೆಯಲ್ಲಿ ನೋಡಿದರೆ ದಡಕ್ಕೆ ಸಮಾನಾಂತರವಾಗಿ ಬಿಳಿ ನೊರೆಯ ಗೆರೆ ಕಾಣುತ್ತದೆ. ಉದ್ದಕ್ಕೆ ನೇರವಾಗಿ, ತೆರೆದ ಸಮುದ್ರಕ್ಕೆ ಎದೆ ಕೊಟ್ಟು ನಿಂತ ದಡ ಫೋಟೋಗೆ ಚಂದ. ನಿಮಗೆ ಬೇಡ.

ಅಂಥ ತೆರೆದ ದಡಗಳಲ್ಲಿ ಜನ ಸಾಯುವುದು ಹೆಚ್ಚಾಗಿ ಸೆಳವಿನಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಷ್ಟು ಗೊತ್ತಿದ್ದರೆ ಜೀವ ಉಳಿಯುತ್ತದೆ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಬೇಕಲ್ಲ? ಅದು ಒಂದು ಕಿರಿದಾದ ದಾರಿ ಮಾಡಿಕೊಂಡು ಕಡಲಿನತ್ತ ರಭಸವಾಗಿ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಮುರಿಯುವುದಿಲ್ಲ. ಎರಡು ಕಡೆ ಬಿಳಿ ನೊರೆ, ನಡುವೆ ಸ್ವಲ್ಪ ಕಪ್ಪಾದ, ಸಪಾಟಾದ ನೀರು. ನೋಡಿದವರಿಗೆ ಇದೇ ಶಾಂತವಾದ ಜಾಗ ಅನಿಸುತ್ತದೆ. ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಜೋರಾದಾಗ ಅದು ಸೆಕೆಂಡಿಗೆ 2 ಮೀಟರ್‌ಗೂ ಜಾಸ್ತಿ ಓಡುತ್ತದೆ. ಒಲಿಂಪಿಕ್ ಈಜುಗಾರನೂ ಅದರ ಎದುರು ಈಜಿ ಗೆಲ್ಲಲಾರ. ಆದರೆ ಸೆಳವು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಜನ ಮುಳುಗುವುದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಸಿಕ್ಕಿಹಾಕಿಕೊಂಡರೆ ಬೆನ್ನ ಮೇಲೆ ತೇಲಿ, ಕೈ ಎತ್ತಿ ಕೂಗಿ. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಗೆ ಬಂದು ಆಮೇಲೆ ದಡದತ್ತ ತಿರುಗಬೇಕು.

ನೀವು ಮೊಣಕಾಲು ಮೇಲೆ ನೀರಿಗೆ ಹೋಗುವುದಾದರೆ ಲೈಫ್ ಜಾಕೆಟ್ ಹಾಕಿಕೊಳ್ಳಿ. ಮಗಳಿಗೆ ಅವಳ ಅಳತೆಯದ್ದೇ ಇರಬೇಕು. ಹೆಗಲ ಹತ್ತಿರ ಹಿಡಿದು ಎತ್ತಿದಾಗ ಜಾಕೆಟ್ ಕಿವಿಯವರೆಗೆ ಜಾರಿದರೆ ಅದು ದೊಡ್ಡದು. ಗಾಳಿ ತುಂಬಿದ ಆಟಿಕೆ, ಟ್ಯೂಬು ಕಡಲಿನಲ್ಲಿ ಬೇಡವೇ ಬೇಡ. ದಡದಿಂದ ಕಡಲಿನತ್ತ ಬೀಸುವ ಗಾಳಿ ಅವನ್ನು ನಿಮಿಷಗಳಲ್ಲಿ ದೂರ ಒಯ್ಯುತ್ತದೆ. ಕಾವಲಿನವರಿರುವ ದಡದಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಇಳಿಯಿರಿ. ಬರೀ ಕೆಂಪು ಬಾವುಟ ಹಾರುತ್ತಿದ್ದರೆ ಆ ದಿನ ನೀರಿನ ಆಸೆ ಬಿಡಿ.

ಇನ್ನು ಬಂಗಲೆ. ಎಸಿ ಇಲ್ಲದೆ ಆಗುತ್ತಾ ಅಂದಿರಿ. ಆಗುತ್ತದೆ, ಬಂಗಲೆ ಸರಿಯಾಗಿ ಕಟ್ಟಿದ್ದರೆ. ಸಮಭಾಜಕದ ಹತ್ತಿರದ ದಡಗಳಲ್ಲಿ ರಾತ್ರಿಯೂ ಸುಮಾರು 25 ಡಿಗ್ರಿ ಇರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಸೆಖೆಯನ್ನು ತಡೆಯುವುದು ಗಾಳಿಯ ಓಡಾಟ ಮಾತ್ರ. ಹಳೆಯ ಕಾಲದವರು ಕಂಬದ ಮೇಲೆ ಮನೆ ಎತ್ತಿ ಕಟ್ಟುತ್ತಿದ್ದದ್ದು, ಗರಿಯ ಮಾಡನ್ನು ಕಡಿದಾಗಿ ಇಳಿಬಿಡುತ್ತಿದ್ದದ್ದು ಸುಮ್ನೆ ಚಂದಕ್ಕಲ್ಲ. ನೆಲದಡಿಯಲ್ಲಿ ಗಾಳಿ ಹರಿಯುತ್ತದೆ, ತೇವ ಮೇಲೆ ಏರುವುದಿಲ್ಲ. ಕಡಿದಾದ ಮಾಡಿನ ಮೇಲೆ ಮಳೆ ನಿಲ್ಲದೆ ಜಾರುತ್ತದೆ. ದಪ್ಪ ಗರಿ ಬಿಸಿಲನ್ನು ಒಳಗೆ ಬಿಡುವುದಿಲ್ಲ. ತಗಡಿನ ಮಾಡಿನಡಿ ಮಧ್ಯಾಹ್ನ ಕೂರಲಾಗುವುದಿಲ್ಲ, ಮಳೆ ಬಂದರೆ ಮಾತೂ ಕೇಳಿಸುವುದಿಲ್ಲ.

ಹಿಂದಿನ ಗೋಡೆಯಲ್ಲಿ ಕಿಟಕಿ ಇದೆಯಾ ಅಂತ ಮರೆಯದೆ ಕೇಳಿ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇರುತ್ತದೆ, ಕಡಲಿನಿಂದ ತಂಪು ಗಾಳಿ ಒಳಗೆ ಬರುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಆಗ ಗಾಳಿ ತಿರುಗಿ ನೆಲದಿಂದ ಕಡಲಿಗೆ ಹೋಗುತ್ತದೆ. ಅಂದರೆ ನೀವು ಮಲಗುವ ಹೊತ್ತಿಗೆ ಗಾಳಿ ಬರುವುದು ಹಿಂಬದಿಯಿಂದ. ಎಷ್ಟೋ ಬಂಗಲೆಗಳಲ್ಲಿ ಕಡಲಿನ ಕಡೆ ದೊಡ್ಡ ಗಾಜಿನ ಬಾಗಿಲು, ಹಿಂದೆ ಪೂರ್ತಿ ಬಚ್ಚಲುಮನೆಯ ಗೋಡೆ. ಹಗಲು ಸ್ವರ್ಗ. ರಾತ್ರಿ ಉಸಿರುಗಟ್ಟುತ್ತದೆ. ಹಿಂದೆ ಕಿಟಕಿ, ಮೇಲೆ ಫ್ಯಾನು, ಹಾಸಿಗೆಗೆ ತೂತಿಲ್ಲದ ಸೊಳ್ಳೆಪರದೆ ಇದ್ದರೆ ನಾನು ಎಸಿ ಕೇಳುವುದಿಲ್ಲ. ಅತ್ತೆಯವರಿಗೆ ಸೆಖೆಯಲ್ಲಿ ನಿದ್ದೆ ಬರಲ್ಲ ಅಂತಿದ್ದರೆ ಮಾತ್ರ ಅವರ ಬಂಗಲೆಗೆ ಎಸಿ ತೆಗೆದುಕೊಳ್ಳಿ. ಆಗ ಕರೆಂಟು 24 ಗಂಟೆ ಇರುತ್ತದಾ ಅಂತಲೂ ಕೇಳಿ. ಸಣ್ಣ ದ್ವೀಪಗಳಲ್ಲಿ ಜನರೇಟರ್ ಓಡುವುದು ಕೆಲವೇ ಗಂಟೆ. ಎಸಿ ಇದ್ದೂ ರಾತ್ರಿ ಒಂದಕ್ಕೆ ನಿಂತರೆ, ಮುಚ್ಚಿದ ರೂಮು ಇನ್ನೂ ಕಷ್ಟ.

ಎಲ್ಲರೂ ಕಡಲಿನ ಅಂಚಿನ ಮೊದಲ ಸಾಲು ಕೇಳುತ್ತಾರೆ. ನಿಮಗೆ ಎರಡನೇ ಸಾಲೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಲೆಯ ಸದ್ದು ಅಲ್ಲಿಗೂ ಕೇಳುತ್ತದೆ. ಉಪ್ಪಿನ ಸಿಂಚನ ಇಲ್ಲ, ಜಗಲಿಯ ಎದುರು ಜನ ಓಡಾಡುವುದಿಲ್ಲ, ಮರದ ನೆರಳಿರುತ್ತದೆ. ಅತ್ತೆಯವರಿಗಾಗಿ ಎಷ್ಟು ಮೆಟ್ಟಿಲು, ಕೈಹಿಡಿ ಇದೆಯಾ, ಬಚ್ಚಲು ಒಳಗೇ ಇದೆಯಾ, ಊಟದ ಜಾಗಕ್ಕೆ ಮರಳಿನಲ್ಲಿ ಎಷ್ಟು ದೂರ ನಡೆಯಬೇಕು ಅಂತ ತಿಳಿದುಕೊಳ್ಳಿ. ಸಡಿಲ ಮರಳಿನಲ್ಲಿ ಇನ್ನೂರು ಮೀಟರ್ ನಡೆಯುವುದು ಮಂಡಿನೋವಿನವರಿಗೆ ದೊಡ್ಡ ಕೆಲಸ. ಗುಡ್ಡದ ಮೇಲಿನ ಬಂಗಲೆಗಳ ಫೋಟೋ ಮನ ಸೆಳೆಯುತ್ತದೆ, ಮೆಟ್ಟಿಲು ಫೋಟೋದಲ್ಲಿ ಬೀಳುವುದಿಲ್ಲ. ಉಯ್ಯಾಲೆಯ ಬಲೆ ಕಟ್ಟುವಾಗ, ಕುರ್ಚಿ ಹಾಕುವಾಗ ತಲೆ ಎತ್ತಿ ನೋಡಿ, ಕಾಯಿ ಇರುವ ತೆಂಗಿನ ಮರದ ಕೆಳಗೆ ಬೇಡ. ಕೆರಿಬಿಯನ್ ದಡಗಳಲ್ಲಿ ಮ್ಯಾಂಚಿನೀಲ್ ಅನ್ನುವ ಮರವಿದೆ. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಮಳೆಯಲ್ಲಿ ಅದರಡಿ ನಿಂತರೂ ಸಾಕು.

ರಾತ್ರಿ ಗೋಡೆಯ ಮೇಲೆ ದೊಡ್ಡ ಹಲ್ಲಿ ಗಟ್ಟಿಯಾಗಿ ಕೂಗಿದರೆ ಹೆದರಬೇಡಿ. ಅದು ನಿಮ್ಮ ಸೊಳ್ಳೆ, ಜಿರಳೆ ತಿನ್ನಲು ಬಂದಿದೆ. ಡೆಂಗಿ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಮಲೇರಿಯಾ ಹರಡುವುದು ರಾತ್ರಿ. ಹಾಗಾಗಿ ಬರೀ ಸಂಜೆ ಮುಲಾಮು ಹಚ್ಚಿಕೊಂಡರೆ ಸಾಲದು. ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಸೊಳ್ಳೆಯ ಮುಲಾಮು.

ಈಗ ಸುತ್ತಾಟ. ಆರು ದಿನದಲ್ಲಿ ಎರಡೇ ಸಲ ಹೊರಗೆ ಹೋಗಿ. ಬಂದ ದಿನ, ಮರುದಿನ ಎಲ್ಲಿಗೂ ಬೇಡ. ಮೈ ಬಿಸಿಲಿಗೆ, ಸೆಖೆಗೆ ಹೊಂದಿಕೊಳ್ಳಲಿ. ಅಷ್ಟರಲ್ಲಿ ಕಡಲಿನ ಏರಿಳಿತ ನಿಮಗೇ ಅಂದಾಜಾಗುತ್ತದೆ. ಆಮೇಲೆ ಒಂದು ದಿನ ಸುತ್ತಾಟ, ಒಂದು ದಿನ ಜಗಲಿ. ಬಂಗಲೆಗೆ ಹೋಗುವುದೇ ಆ ಜಗಲಿಯಲ್ಲಿ ಕೂರಲಿಕ್ಕೆ. ದಿನಾ ಬೆಳಿಗ್ಗೆ ಆರಕ್ಕೆ ವ್ಯಾನ್ ಹತ್ತುವುದಾದರೆ ಊರೊಳಗಿನ ಹೋಟೆಲು ಸಾಕಿತ್ತು.

ಹವಳಕ್ಕೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನವಾಗುತ್ತಿದ್ದಂತೆ ಗಾಳಿ ಎದ್ದು ನೀರು ಕುಣಿಯುತ್ತದೆ. ಆದಷ್ಟು ಅಷ್ಟಮಿಯ ಆಸುಪಾಸಿನ ದಿನ ಆರಿಸಿ, ಆಗ ಹರಿವು ಕಡಿಮೆ. ನೀರಿನಲ್ಲಿ ಮುಖ ಮುಳುಗಿಸಿ ಕೊಳವೆಯಿಂದ ಉಸಿರಾಡುವ ಸ್ನಾರ್ಕೆಲ್ ಮುಖವಾಡವನ್ನು ಮೊದಲೇ ರೆಸಾರ್ಟಿನ ಎದುರು ಸೊಂಟದ ನೀರಿನಲ್ಲಿ ನಿಂತು ಅಭ್ಯಾಸ ಮಾಡಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರೆಳೆದಾಗ ಮುಖವಾಡ ಅಂಟಿಕೊಂಡು ನಿಂತರೆ ಅಳತೆ ಸರಿ. ಹವಳ ಕಲ್ಲಲ್ಲ. ಗುಂಡುಸೂಜಿಯ ತಲೆಯಷ್ಟು, ಅಕ್ಕಿಕಾಳಿನಷ್ಟು ಜೀವಿಗಳು ಸಾವಿರ ಸಾವಿರ ಸೇರಿ ಕಟ್ಟಿದ ಮನೆ. ಗುಂಡು ಬಂಡೆಯಂಥ ಹವಳ ವರ್ಷಕ್ಕೆ 2 ಸೆಂಟಿಮೀಟರೂ ಬೆಳೆಯುವುದಿಲ್ಲ. ನಾವು ಸುಧಾರಿಸಿಕೊಳ್ಳಲು ಒಂದು ಸಲ ಕಾಲೂರಿದರೆ ಎಷ್ಟೋ ವರ್ಷದ ಬೆಳವಣಿಗೆ ಹೋಗುತ್ತದೆ. ಸಮುದ್ರ ಬಿಸಿಯೇರಿ ಅವು ಈಗಾಗಲೇ ಬೆಳ್ಳಗಾಗಿ ಸಾಯುತ್ತಿವೆ. ಜಗತ್ತಿನಾದ್ಯಂತ ಹವಳ ಹೀಗೆ ಬಿಳಿಚುವುದು ಇದು ನಾಲ್ಕನೇ ಸಲ ಅಂತ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. ನೋಡುವಾಗ ನನಗೆ ಸಂಕಟವಾಗುತ್ತದೆ. ಜಾಗ ಬಿಟ್ಟುಕೊಟ್ಟರೆ ಜೀವ ಮರಳುವುದನ್ನೂ ಕಂಡಿದ್ದೇವೆ. ಥಾಯ್ಲೆಂಡಿನ ಮಾಯಾ ಬೇ 2018ರ ಜೂನ್‌ನಲ್ಲಿ ಮುಚ್ಚಿ 2022ರ ಜನವರಿಯಲ್ಲಿ ತೆರೆಯಿತು. ಅಷ್ಟರಲ್ಲಿ ಕಪ್ಪು ರೆಕ್ಕೆತುದಿಯ ಸಣ್ಣ ಶಾರ್ಕ್‌ಗಳು ಅಲ್ಲಿಗೆ ವಾಪಸ್ ಬಂದಿದ್ದವು.

ಸನ್‌ಸ್ಕ್ರೀನ್ ಕೊಳ್ಳುವಾಗ ಹವಳಕ್ಕೆ ಹಾನಿ ಅನ್ನುವ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ರಾಸಾಯನಿಕಗಳು ಇಲ್ಲದ್ದನ್ನು ನೋಡಿ. ಇಂಥವನ್ನು ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವ್ 2020ರಿಂದ ನಿಷೇಧಿಸಿದೆ, ಹವಾಯಿ 2021ರಿಂದ ಮಾರುವುದನ್ನೇ ನಿಲ್ಲಿಸಿದೆ, ಥಾಯ್ಲೆಂಡ್ ಅದೇ ವರ್ಷ ತನ್ನ ಕಡಲ ಉದ್ಯಾನಗಳಲ್ಲಿ ತಡೆದಿದೆ. ಅದಕ್ಕಿಂತ ಸುಲಭ ಅಂದರೆ ಉದ್ದ ತೋಳಿನ ಈಜುಬಟ್ಟೆ. ಮುಖ ಕೆಳಗೆ ಹಾಕಿ ತೇಲುವಾಗ ಬೆನ್ನು, ಮೊಣಕಾಲ ಹಿಂಬದಿ ಸುಡುವುದು ಗೊತ್ತೇ ಆಗುವುದಿಲ್ಲ, ರಾತ್ರಿ ಮಲಗುವಾಗ ಗೊತ್ತಾಗುತ್ತದೆ. ಅದೇ ಬಟ್ಟೆ ಜೆಲ್ಲಿ ಮೀನಿನಿಂದಲೂ ಕಾಪಾಡುತ್ತದೆ. ಉತ್ತರ ಆಸ್ಟ್ರೇಲಿಯಾದಲ್ಲಿ ನವೆಂಬರ್‌ನಿಂದ ಮೇವರೆಗೆ ಬಾಕ್ಸ್ ಜೆಲ್ಲಿ ಮೀನಿನ ಕಾಲ. ಆಗ್ನೇಯ ಏಷ್ಯಾದ ಕೆಲವು ದಡಗಳಲ್ಲೂ ಅದಿದೆ, ಅಲ್ಲಿ ವಿನೆಗರ್ ಬಾಟಲಿ ಇಟ್ಟ ಕಂಬಗಳನ್ನು ನೋಡುತ್ತೀರಿ. ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಕನಿಷ್ಠ 30 ಸೆಕೆಂಡು ವಿನೆಗರ್ ಸುರಿದು ಕೂಡಲೇ ಆಸ್ಪತ್ರೆಗೆ ಹೊರಡಿ.

ಜಲಪಾತದ ಕೆಳಗಿನ ಕೊಳದಲ್ಲಿ ಮಗಳು ಆಡಲಿ, ಕಣ್ಣು ಮೇಲೆ ಇರಲಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಗುಡ್ಡದ ಮೇಲೆ ಮಳೆ ಬಂದಿರಬಹುದು. ನೀರಿನ ಬಣ್ಣ ಕೆಂಪಗಾಗಲಿ, ಕಡ್ಡಿ-ಎಲೆ ತೇಲಿ ಬರಲಿ, ಸದ್ದು ಬದಲಾಗಲಿ, ಚಪ್ಪಲಿ ಹುಡುಕುತ್ತ ನಿಲ್ಲದೆ ಮೇಲಕ್ಕೆ ಹತ್ತಿ. ಕೋತಿಗಳಿದ್ದರೆ ಏನೂ ಕೊಡಬೇಡಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ಗುಹೆಯಲ್ಲಿ ಎರಡು ಥರ ಇದೆ. ಥಾಯ್ಲೆಂಡಿನ ಕೋ ಮುಕ್ ದ್ವೀಪದ ಪಚ್ಚೆ ಗುಹೆಗೆ ಸುಮಾರು 80 ಮೀಟರ್ ಉದ್ದದ ಕತ್ತಲ ಸುರಂಗದಲ್ಲಿ ಈಜಿಕೊಂಡು ಹೋಗಬೇಕು. ಕೊನೆಗೆ ಸುತ್ತ ಕಡಿದಾದ ಬಂಡೆ, ನಡುವೆ ಅಂಗಳದಂಥ ಮರಳು, ಮೇಲೆ ಆಕಾಶ. ಅಲ್ಲಿಗೆ ಹೋಗುವುದು, ವಾಪಸ್ ಬರುವುದು ಪೂರ್ತಿ ಉಬ್ಬರ-ಇಳಿತದ ಮೇಲೆ ನಿಂತಿದೆ. ಫಿಲಿಪ್ಪೀನ್ಸ್‌ನ ಪ್ವೆರ್ಟೊ ಪ್ರಿನ್ಸೆಸಾದ ನೆಲದಡಿಯ ನದಿಯದ್ದು ಬೇರೆ ಥರ. ಒಟ್ಟು ಉದ್ದ 8.2 ಕಿಲೋಮೀಟರ್, 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೆಲ್ಮೆಟ್ ಹಾಕಿ ದೋಣಿಯಲ್ಲಿ ಕೂತರೆ ಹುಟ್ಟು ಹಾಕಿಕೊಂಡು ಒಳಗೆ ಕರೆದೊಯ್ಯುತ್ತಾರೆ. ತಲೆಯ ಮೇಲೆ ಬಾವಲಿಗಳು, ದೀಪ ಬಿದ್ದಲ್ಲಿ ಸುಣ್ಣಕಲ್ಲಿನ ಜಡೆಗಳು. ಅತ್ತೆಯವರ ಜೊತೆ ಹೋಗುವ ನಿಮಗೆ ಈ ಎರಡನೇ ಥರದ್ದೇ ಸರಿ.

ಒಂದೇ ಜಾಗದ ಹೆಸರು ಹೇಳಿ ಅಂದರೆ, ನಿಮ್ಮಂಥ ಮನೆಯವರಿಗೆ ನಾನು ಹೆಚ್ಚಾಗಿ ಹೇಳುವುದು ಥಾಯ್ಲೆಂಡಿನ ಕೋ ಲಂತಾ, ಡಿಸೆಂಬರ್‌ನಲ್ಲಿ. ಪಶ್ಚಿಮಕ್ಕೆ ಮುಖ ಮಾಡಿದ ಉದ್ದದ ಮರಳು ದಡಗಳು, ಸೂರ್ಯ ಮುಳುಗುವುದು ಜಗಲಿಯಿಂದಲೇ ಕಾಣುತ್ತದೆ. ದಡ ನೇರ ಇದ್ದರೂ ಆ ತಿಂಗಳಲ್ಲಿ ಅಂಡಮಾನ್ ಸಮುದ್ರ ಸಾಮಾನ್ಯವಾಗಿ ಶಾಂತ. ದ್ವೀಪದ ಒಳಗೆ ಖ್ಲೊಂಗ್ ಚಾಕ್ ಜಲಪಾತವಿದೆ, ಒಣ ಕಾಲ ಬಲಿತರೆ ಅದು ತೀರ ಸಣ್ಣದಾಗುತ್ತದೆ. ಖಾವ್ ಮಾಯ್ ಕ್ಯಾವ್ ಗುಹೆಯಲ್ಲಿ ಕೆಸರು, ಏಣಿ ಎಲ್ಲ ಇದೆ, ಅತ್ತೆಯವರು ಆ ದಿನ ಜಗಲಿಯಲ್ಲೇ ಇರಲಿ. ಹವಳಕ್ಕೆ ದೋಣಿಯಲ್ಲಿ ದಿನದ ಪ್ರಯಾಣ. ಕೆಲವು ದಡಗಳಲ್ಲಿ ಇಳಿತದಲ್ಲಿ ಕಲ್ಲು ಏಳುತ್ತದೆ, ಹಾಗಾಗಿ ಮೇಲಿನ ಪ್ರಶ್ನೆ ಅಲ್ಲೂ ಕೇಳಿ.

ಅಲ್ಲಿಗೆ ಹೋದ ದಿನವೇ ದಡದಲ್ಲಿರುವ ಸುನಾಮಿ ದಾರಿಯ ಫಲಕ ಎಲ್ಲಿದೆ ಅಂತ ಮಗಳ ಕೈಯಲ್ಲೇ ಹುಡುಕಿಸಿ. ಹೆದರಿಸಲು ಅಲ್ಲ. 2004ರ ಡಿಸೆಂಬರ್ 26ರಂದು ಫುಕೆಟ್‌ನ ಒಂದು ದಡದಲ್ಲಿ 10 ವರ್ಷದ ಬ್ರಿಟಿಷ್ ಹುಡುಗಿಯೊಬ್ಬಳು ನೀರು ನೊರೆಯೆದ್ದು ವಿಚಿತ್ರವಾಗಿ ವರ್ತಿಸುವುದನ್ನು ನೋಡಿ, ಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು ಅಪ್ಪ ಅಮ್ಮನಿಗೆ ಹೇಳಿದಳು. ಆ ದಡವನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡಿಸಿದರು. ನೆಲ ಜೋರಾಗಿ ನಡುಗಿದರೆ, ಪಟ್ಟಿಯಲ್ಲಿಲ್ಲದ ಹೊತ್ತಿನಲ್ಲಿ ಕಡಲು ಸರ್ರನೆ ಹಿಂದೆ ಸರಿದರೆ ಎತ್ತರಕ್ಕೆ ಓಡಬೇಕು. 8 ವರ್ಷದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಕೊನೆಗೆ ಆಮೆ. ಹವಳದ ಹತ್ತಿರ, ಕಡಲಹುಲ್ಲು ಇರುವಲ್ಲಿ ಈಜುವ ಆಮೆ ಸಿಗುವ ಸಂಭವ ಇದೆ. ಮೇಲಿನಿಂದ ನೋಡಿ, ಹಿಂಬಾಲಿಸಬೇಡಿ. ಉಸಿರಾಡಲು ಅದು ಮೇಲೆ ಬರಲೇಬೇಕು, ದಾರಿ ಬಿಡಿ. ಮೊಟ್ಟೆ ಇಡುವುದನ್ನು ನೋಡಬೇಕಾದರೆ ಅದಕ್ಕೇ ಬೇರೆ ತಿಂಗಳು, ಬೇರೆ ಜಾಗ. ಕೋಸ್ಟರಿಕಾದ ತೋರ್ತುಗೆರೋದಲ್ಲಿ ಹಸಿರು ಆಮೆಗಳು ಜುಲೈಯಿಂದ ಅಕ್ಟೋಬರ್‌ವರೆಗೆ ರಾತ್ರಿ ದಡಕ್ಕೆ ಬರುತ್ತವೆ. ಮಾರ್ಗದರ್ಶಿ ಇಲ್ಲದೆ ಹೋಗುವಂತಿಲ್ಲ, ಕ್ಯಾಮೆರಾ ಬಿಡುವುದಿಲ್ಲ. ಆ ಕಟ್ಟುನಿಟ್ಟು ಸರಿಯಾದದ್ದೇ. ಆಮೆ ಹಿಂಗಾಲಿನಲ್ಲಿ ಮರಳನ್ನು ಬೊಗಸೆಯಂತೆ ತೋಡುತ್ತದೆ, ಒಂದು ಕಾಲು ಆದ ಮೇಲೆ ಇನ್ನೊಂದು, ಹಿಂದೆ ತಿರುಗಿ ನೋಡದೆ. ಸುಮಾರು ನೂರು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಸುಮಾರು ಎರಡು ತಿಂಗಳ ಮೇಲೆ ಮರಿಗಳು ಹೊರಬಂದು, ಬೆಳಕು ಕಂಡ ಕಡೆಗೆ ಓಡುತ್ತವೆ. ಕತ್ತಲ ದಡದಲ್ಲಿ ಬೆಳಕು ಅಂದರೆ ಕಡಲೇ. ರೆಸಾರ್ಟಿನ ಬಲ್ಬು ಉರಿಯುತ್ತಿದ್ದರೆ ಅವು ಇತ್ತ ತಿರುಗಿ, ಬೆಳಗಾಗುವ ಹೊತ್ತಿಗೆ ಒಣಗಿ ಸಾಯುತ್ತವೆ. ಎಷ್ಟೋ ಉಷ್ಣವಲಯದ ದಡಗಳಲ್ಲಿ ಯಾರಿಗೂ ಗೊತ್ತಾಗದಂತೆ ಒಂದೆರಡು ಆಮೆಗಳು ಬಂದು ಹೋಗುತ್ತವೆ. ನೀವು ಎಲ್ಲೇ ಉಳಿದುಕೊಂಡರೂ, ರಾತ್ರಿ ಮಲಗುವ ಮುಂಚೆ ಕಡಲಿನ ಕಡೆಯ ಜಗಲಿ ದೀಪ ಆರಿಸುವ ಕೆಲಸವನ್ನು ಮಗಳಿಗೆ ವಹಿಸಿ.